ಕೂತು ಓಡಿಸುವ ಹುಲ್ಲಿನ ಮೆಶಿನ್ ಕೊಳ್ಳುವ ಮೊದಲು: ಕಾಸರಗೋಡಿನ ದೊಡ್ಡ ಹಿತ್ತಿಲುಗಳಿಗೆ ಸಮಗ್ರ ಮಾರ್ಗದರ್ಶಿ

ಕೂತು ಓಡಿಸುವ ಹುಲ್ಲು ಹೆರೆಯುವ ಮೆಶಿನ್ ತಂದು, ಎರಡನೇ ಮಳೆಗಾಲಕ್ಕೇ ಅದನ್ನು ಕೊಟ್ಟಿಗೆಯ ಮೂಲೆಗೆ ತಳ್ಳಿದವರ ತಪ್ಪು ಹೆಚ್ಚುಕಡಿಮೆ ಒಂದೇ. ಮೊದಲು ಮೆಶಿನ್ ನೋಡಿದರು, ಆಮೇಲೆ ಜಾಗ ನೋಡಿದರು. ಅಂಗಡಿಯಲ್ಲಿ ಕೇಳಿದ ಪ್ರಶ್ನೆ ‘ಎಷ್ಟು ಎಚ್‌ಪಿ?’ ಎಂಬುದು. ಕೇಳಬೇಕಾಗಿದ್ದದ್ದು ‘ನನ್ನ ಗುಡ್ಡೆಯ ಇಳಿಜಾರಿಗೆ ಇದು ಆದೀತೇ, ಬೆಲ್ಟ್ ಹರಿದರೆ ಎಷ್ಟು ದಿನಕ್ಕೆ ಸಿಗುತ್ತದೆ?’ ಎಂದು.

ಈ ಮೆಶಿನ್‌ಗಳು ಮೂಲತಃ ಸಮತಟ್ಟಾದ, ಕಲ್ಲಿಲ್ಲದ, ಗಿಡ್ಡ ಹುಲ್ಲಿನ ಬಯಲಿಗಾಗಿ ರೂಪುಗೊಂಡವು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಜಾಗ ಅಂಥದ್ದಲ್ಲ. ಮುರಕಲ್ಲಿನ ಪಾದೆ, ಇಳಿಜಾರು, ತೆಂಗಿನ ಬುಡದ ಗುಂಡಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಹಾಗೆಂದು ಮೆಶಿನ್ ಇಲ್ಲಿಗೆ ಆಗುವುದೇ ಇಲ್ಲ ಎಂದಲ್ಲ. ತೆಂಗಿನ ತೋಟ, ಶಾಲೆಯ ಮೈದಾನ, ಹೋಂಸ್ಟೇಯ ಅಂಗಳ, ದೇವಸ್ಥಾನದ ಸುತ್ತಲಿನ ಬಯಲು, ಇಂಥಲ್ಲಿ ಸರಿಯಾದದ್ದನ್ನು ಆರಿಸಿದರೆ ಎರಡು ಆಳಿನ ಎರಡು ದಿನದ ಕೆಲಸ ಒಂದು ಬೆಳಗ್ಗೆಗೆ ಮುಗಿಯುತ್ತದೆ. ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕು ಮುಗಿಯುವ ತನಕ ಅಂಗಡಿಯ ಮೆಟ್ಟಿಲು ಹತ್ತಬೇಡಿ.

## ಕೈಯಲ್ಲಿ ಇರಬೇಕಾದ್ದು

30 ಮೀಟರಿನ ಅಳತೆ ಟೇಪು, 2 ಮೀಟರ್ ಉದ್ದದ ನೇರವಾದ ಹಲಗೆ, ಮೇಸ್ತ್ರಿಗಳು ಬಳಸುವ ಮಟ್ಟಗೋಲು, ಒಂದು ಸ್ಟೀಲ್ ಸ್ಕೇಲು, ಗುರುತು ಹಾಕಲು ಸುಣ್ಣದ ಪುಡಿ, 30–40 ಬಿದಿರಿನ ಗೂಟ, ಕೆಂಪು ಬಟ್ಟೆಯ ಚೂರುಗಳು, ಒಂದು ನೋಟ್ ಪುಸ್ತಕ. ಮೆಶಿನ್ ನೋಡಲು ಹೋಗುವಾಗ ಟಾರ್ಚ್ ಮತ್ತು ಕಡಿಮೆ ಒತ್ತಡ ತೋರಿಸುವ ಟಯರ್ ಗೇಜ್ ಕೂಡ ಬೇಕು. ಕಾರಿನ ಗೇಜ್ 10 ಪಿಎಸ್‌ಐ ಆಸುಪಾಸಿನಲ್ಲಿ ಸರಿಯಾಗಿ ತೋರಿಸುವುದಿಲ್ಲ.

## ಹಂತ 1: ಹುಲ್ಲು ಹೆರೆಯುವ ಜಾಗವನ್ನು ಮಾತ್ರ ಅಳೆಯಿರಿ

ದಾಖಲೆಯಲ್ಲಿ ಇರುವ ಸೆಂಟ್ಸ್ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮನೆ, ಅಂಗಳ, ಬಾವಿ, ಕೊಟ್ಟಿಗೆ, ಅಡಿಕೆ ತೋಟ, ಮೆಶಿನ್ ಹತ್ತದ ಬರೆ, ಎಲ್ಲವನ್ನೂ ಕಳೆಯಬೇಕು.

ಅಡಿಕೆ ತೋಟವನ್ನು ಏಕೆ ಕಳೆಯಬೇಕು ಎಂದು ಹಲವರು ಕೇಳುತ್ತಾರೆ. ಅಡಿಕೆಗೆ 2.7 ಮೀಟರ್, ಅಂದರೆ ಸುಮಾರು 9 ಅಡಿ ಅಂತರ. 42 ಇಂಚಿನ ಮೆಶಿನ್‌ನ ಒಟ್ಟು ಅಗಲ, ಹುಲ್ಲು ಹೊರಹಾಕುವ ಬಾಯಿ ಸೇರಿ, 1.3ರಿಂದ 1.4 ಮೀಟರ್ ಬರುತ್ತದೆ. ನೇರ ಹೋಗಬಹುದು ಅನ್ನಿಸುತ್ತದೆ. ಆದರೆ ನಡುವೆ ನೀರು ಬಸಿಯುವ ಕಣಿ ಇದೆ, ತಿರುಗಿಸಲು ಜಾಗವಿಲ್ಲ, ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಮಳೆಗಾಲದ ಒದ್ದೆ ಮಣ್ಣಿನ ಮೇಲೆ 200 ಕಿಲೋ ತೂಕ ಮತ್ತೆ ಮತ್ತೆ ಓಡಿದರೆ ಮಣ್ಣು ಬಿಗಿದು ನೀರು ನಿಲ್ಲುತ್ತದೆ. ಅಡಿಕೆ ತೋಟಕ್ಕೆ ಹೆಗಲಿಗೆ ಹಾಕುವ ಬ್ರಶ್ ಕಟರೇ ಸರಿ.

ತೆಂಗಿನ ತೋಟದ ಲೆಕ್ಕ ಬೇರೆ. 7.5 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಪ್ರತಿ ಮರದ ಬುಡಕ್ಕೆ 1.8 ಮೀಟರ್ ತ್ರಿಜ್ಯದ ಗುಂಡಿ ಇದ್ದರೆ, ಎರಡು ಗುಂಡಿಗಳ ನಡುವೆ 3.9 ಮೀಟರ್ ಉಳಿಯುತ್ತದೆ. ಗುಂಡಿಗಳೇ ಒಟ್ಟು ಜಾಗದ ಸುಮಾರು 18 ಶೇಕಡ ತಿನ್ನುತ್ತವೆ.

ಒಂದು ಉದಾಹರಣೆ. ಒಟ್ಟು 150 ಸೆಂಟ್ಸ್. ಮನೆ, ಅಂಗಳ, ಕೊಟ್ಟಿಗೆಗೆ 20, ತಗ್ಗಿನ ಅಡಿಕೆಗೆ 30, ಕಡಿದಾದ ಬರೆಗೆ 15 ಕಳೆದರೆ 85 ಸೆಂಟ್ಸ್ ತೆಂಗು. ಬುಡದ ಗುಂಡಿ ಕಳೆದರೆ 70 ಸೆಂಟ್ಸ್, ಅಂದರೆ ಸುಮಾರು 2,830 ಚದರ ಮೀಟರ್. 42 ಇಂಚಿನ ಬ್ಲೇಡ್ ಅಗಲದಲ್ಲಿ 10 ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಓಡಿಸಿದರೆ ಸಿಗುವ ಅಗಲ 0.97 ಮೀಟರ್. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ 3,880 ಚದರ ಮೀಟರ್ ಆಗಬೇಕು. ಮರ ಸುತ್ತುವುದು, ಹಿಂದೆ ತೆಗೆಯುವುದು ಎಲ್ಲ ಸೇರಿ ಅದರ 65 ಶೇಕಡ ಹಿಡಿಯಿರಿ, 2,500 ಆಯಿತು. ಕೆಲಸ ಒಂದು ಗಂಟೆ ಹತ್ತು ನಿಮಿಷದ್ದು.

ಜೂನ್‌ನಿಂದ ಅಕ್ಟೋಬರ್ ತನಕ 10–12 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ 14 ಸಲ, ಆಮೇಲೆ ಒಂದೆರಡು ಸಲ. ಎಲ್ಲ ಸೇರಿ 18–20 ಗಂಟೆ. ಇಷ್ಟು ಕಡಿಮೆ ಗಂಟೆಗೆ ಅಷ್ಟು ದೊಡ್ಡ ದುಡ್ಡು ಹಾಕಬೇಕೇ ಎಂಬ ಪ್ರಶ್ನೆಗೆ ಇಲ್ಲೇ ಉತ್ತರ ಹುಡುಕಿ. ಹೆರೆಯುವ ಜಾಗ 60–70 ಸೆಂಟ್ಸ್‌ಗಿಂತ ಕಡಿಮೆ ಇದ್ದರೆ ತಾನಾಗಿ ಮುಂದೆ ಹೋಗುವ, ಹಿಂದಿನಿಂದ ನಡೆಯುವ ಮೆಶಿನ್ ಸಾಕು. ಒಂದು ಎಕರೆ ದಾಟಿದರೆ ಕೂತು ಓಡಿಸುವುದಕ್ಕೆ ಅರ್ಥ ಬರುತ್ತದೆ.

## ಹಂತ 2: ಇಳಿಜಾರು ನೋಡಿ, ಇಲ್ಲಿ ರಾಜಿ ಬೇಡ

ಹೆಚ್ಚಿನ ತಯಾರಕರು ಹೇಳುವ ಮಿತಿ 15 ಡಿಗ್ರಿ. ಅದನ್ನು ಕಣ್ಣಂದಾಜಿನಲ್ಲಿ ಹೇಳಲು ಯಾರಿಗೂ ಆಗುವುದಿಲ್ಲ. ದಿನಾ ನಡೆಯುವ ಗುಡ್ಡೆ ಕಣ್ಣಿಗೆ ಯಾವಾಗಲೂ ಸಪಾಟಾಗಿಯೇ ಕಾಣುತ್ತದೆ.

2 ಮೀಟರ್ ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲ್ಬದಿಯ ನೆಲಕ್ಕೆ ಒತ್ತಿ ಹಿಡಿಯಿರಿ. ಇನ್ನೊಂದು ತುದಿಯನ್ನು ಮಟ್ಟಗೋಲು ಸರಿ ತೋರಿಸುವ ತನಕ ಎತ್ತಿ, ಅಲ್ಲಿಂದ ಕೆಳಗಿನ ನೆಲಕ್ಕೆ ಎಷ್ಟು ಎಂದು ಅಳೆಯಿರಿ. 35 ಸೆಂಟಿಮೀಟರ್ ಬಂದರೆ 10 ಡಿಗ್ರಿ. 54 ಬಂದರೆ 15 ಡಿಗ್ರಿ. ಜಾಗದ ಅತಿ ಕಡಿದಾದ ಆರೇಳು ಕಡೆ ಹೀಗೆ ಅಳೆದು ಬರೆದಿಡಿ. ಸರಾಸರಿ ತೆಗೆಯಬೇಡಿ. ಮೆಶಿನ್ ಮಗುಚುವುದು ಸರಾಸರಿ ಜಾಗದಲ್ಲಲ್ಲ, ಅತಿ ಕಡಿದಾದ ಜಾಗದಲ್ಲಿ.

15 ಡಿಗ್ರಿ ಎಂಬುದು ಒಣ ನೆಲದ, ಹೊಸ ಟಯರಿನ ಮಾತು. ನಮ್ಮಲ್ಲಿ ಹುಲ್ಲು ಬೆಳೆಯುವುದೇ ಮಳೆಗಾಲದಲ್ಲಿ, ಆಟಿ ತಿಂಗಳಲ್ಲಿ ಪಾಚಿ ಕಟ್ಟಿದ ಮುರಕಲ್ಲು ಎಣ್ಣೆ ಹಚ್ಚಿದ ಹಾಗಿರುತ್ತದೆ. ಆದ್ದರಿಂದ ನಿಮ್ಮ ಮಿತಿಯನ್ನು 10 ಡಿಗ್ರಿಗೆ ಇಳಿಸಿ. ಅದಕ್ಕಿಂತ ಕಡಿದಾದ್ದಕ್ಕೆ ಸುಣ್ಣದ ಗೆರೆ ಎಳೆದು ಬ್ರಶ್ ಕಟರಿಗೆ ಬಿಡಿ. ಜಾಗದ ಅರ್ಧಕ್ಕಿಂತ ಹೆಚ್ಚು ಹೀಗೆ ಗೆರೆಯ ಆಚೆ ಹೋದರೆ ಈ ಮಾರ್ಗದರ್ಶಿ ಇಲ್ಲಿಗೇ ಮುಗಿಯಿತು ಎಂದು ತಿಳಿಯಿರಿ.

ತೋಟದ ಕಟ್ಟಪುಣಿ, ಅಗಳು, ತೋಡು, ಮದಕದ ಅಂಚು, ಇವುಗಳಿಂದ ಮೆಶಿನ್‌ನ ಎರಡು ಪಟ್ಟು ಅಗಲದಷ್ಟು ಒಳಗೆ ಇನ್ನೊಂದು ಗೆರೆ ಎಳೆಯಿರಿ. ಅಂಚಿನ ಮಣ್ಣು ಮಳೆಗೆ ಸಡಿಲವಾಗಿ ಒಂದು ಚಕ್ರದ ಭಾರಕ್ಕೇ ಕುಸಿಯುತ್ತದೆ.

## ಹಂತ 3: ಕಲ್ಲು, ಗುಂಡಿ, ಪೈಪುಗಳಿಗೆ ಗೂಟ ಹಾಕಿ

ಇದನ್ನು ಏಪ್ರಿಲ್–ಮೇ ತಿಂಗಳಲ್ಲಿ, ಹುಲ್ಲು ಒಣಗಿ ನೆಲ ಕಾಣುವಾಗ ಮಾಡಿ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಏನೂ ಕಾಣುವುದಿಲ್ಲ.

ನೆಲದಿಂದ 5 ಸೆಂಟಿಮೀಟರ್ ಮೇಲೆದ್ದ ಪ್ರತಿ ಮುರಕಲ್ಲಿನ ತಲೆಗೆ ಕೆಂಪು ಬಟ್ಟೆ ಕಟ್ಟಿದ ಗೂಟ. ಒಡೆಯಲು ಆಗುವುದನ್ನು ಹಾರೆಯಿಂದ ಒಡೆದು ತೆಗೆಯಿರಿ. ಬ್ಲೇಡ್ ಕಲ್ಲಿಗೆ ಬಡಿದರೆ ಹಾಳಾಗುವುದು ಬ್ಲೇಡ್ ಮಾತ್ರವಲ್ಲ, ಅದನ್ನು ಹಿಡಿದಿರುವ ಸ್ಪಿಂಡಲ್ ಬಾಗುತ್ತದೆ, ಬೇರಿಂಗ್ ಹೋಗುತ್ತದೆ. ಕೆಲವು ಮೆಶಿನ್‌ಗಳಲ್ಲಿ ಬ್ಲೇಡ್ ನೇರ ಎಂಜಿನ್‌ನ ಶಾಫ್ಟಿಗೇ ಜೋಡಿಸಿರುತ್ತದೆ. ಅಂಥದ್ದರಲ್ಲಿ ಒಂದು ಪೆಟ್ಟಿಗೆ ಕ್ರಾಂಕ್ ಶಾಫ್ಟೇ ಬಾಗಬಹುದು.

ಸ್ಪ್ರಿಂಕ್ಲರಿನ ನಿಲುಪೈಪು, ಹನಿ ನೀರಾವರಿಯ ಕಪ್ಪು ಪೈಪು, ಇಂಗುಗುಂಡಿ, ತೆಂಗು ಸತ್ತು ಹೋದ ಹಳೆ ಗುಂಡಿ, ಸುರಂಗಕ್ಕೆ ಗಾಳಿಗಾಗಿ ಮೇಲಿನಿಂದ ತೋಡಿದ ಬಾಯಿ ಇದ್ದರೆ ಅದು, ಎಲ್ಲಕ್ಕೂ ಗೂಟ ಬೇಕು. ಬಿದ್ದ ಕೊತ್ತಳಿಗೆ, ಗೆರಟೆ, ಬೊಂಡದ ಚಿಪ್ಪು ಪ್ರತಿ ಸಲ ಹೆಕ್ಕಲೇಬೇಕು. ಗೆರಟೆಯ ಚೂರು ಬ್ಲೇಡಿಗೆ ಸಿಕ್ಕಿ ಹಾರಿದರೆ ಕಿಟಕಿ ಗಾಜು ಉಳಿಯದು, ಎದುರಿದ್ದ ಮನುಷ್ಯನ ಕಣ್ಣೂ ಉಳಿಯದು.

## ಹಂತ 4: ಯಾವ ಹುಲ್ಲು, ಯಾವ ತಿಂಗಳು

ಮೊಣಕಾಲೆತ್ತರ ಬೆಳೆದ ಮುಳಿಹುಲ್ಲು, ಕಮ್ಯುನಿಸ್ಟ್ ಪಚ್ಚ, ಲಂಟಾನ, ಮುಳ್ಳಿನ ದೊಡ್ಡ ಮುಟ್ಟಿದರೆಮುನಿ, ಇವು ಈ ಮೆಶಿನ್‌ಗೆ ಹೇಳಿದವಲ್ಲ. ಮೊದಲ ಸಲ ಬ್ರಶ್ ಕಟರಿನಿಂದ ಕಡಿದು, ಬೇರು ಕಿತ್ತು, ಬೊಡ್ಡೆ ನೆಲಮಟ್ಟಕ್ಕೆ ತರಬೇಕು. ಕೂತು ಓಡಿಸುವ ಮೆಶಿನ್ ಹೆರೆದಿಟ್ಟ ಹುಲ್ಲನ್ನು ಹೆರೆದೇ ಇಡಲು ಇರುವುದು. ಕಾಡು ಕಡಿಯಲು ಅಲ್ಲ.

ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮಳೆ ಬಿಡದೆ 20 ದಿನ ತಪ್ಪಿದರೆ ಬ್ಲೇಡನ್ನು ಅತಿ ಎತ್ತರಕ್ಕೆ ಇಟ್ಟು ಒಮ್ಮೆ, ಎರಡು ದಿನ ಬಿಟ್ಟು ಇಳಿಸಿ ಇನ್ನೊಮ್ಮೆ ಹೆರೆಯಿರಿ.

## ಹಂತ 5: ಯಾವ ಜಾತಿಯ ಮೆಶಿನ್

ಈಗ ನೋಟ್ ಪುಸ್ತಕ ಹಿಡಿದು ಅಂಗಡಿಗೆ ಹೋಗಬಹುದು.

ಲಾನ್ ಟ್ರ್ಯಾಕ್ಟರ್ ಎಂಬುದರಲ್ಲಿ ಎಂಜಿನ್ ಮುಂದೆ, ಬ್ಲೇಡುಗಳು ಹೊಟ್ಟೆಯ ಅಡಿಯಲ್ಲಿ, ಸ್ಟಿಯರಿಂಗ್ ಕಾರಿನ ಹಾಗೆ. ಮುಂದಿನ ಚಕ್ರವೇ ತಿರುಗುವುದರಿಂದ ಸೌಮ್ಯ ಇಳಿಜಾರಿನಲ್ಲಿ ಹಿಡಿತ ಇರುತ್ತದೆ. ನಮ್ಮ ಹೆಚ್ಚಿನ ಜಾಗಗಳಿಗೆ ಇದೇ ಸರಿ.

ಝೀರೋ ಟರ್ನ್ ಎಂಬುದನ್ನು ಎರಡು ಹಿಡಿಕೆಗಳಿಂದ ನಡೆಸುವುದು. ನಿಂತಲ್ಲೇ ಸುತ್ತು ತಿರುಗುತ್ತದೆ, ವೇಗವೂ ಹೆಚ್ಚು. ಅಂಗಡಿಯವರು ಇದನ್ನೇ ಮೊದಲು ತೋರಿಸುತ್ತಾರೆ, ನೋಡಲು ಚಂದವೂ ಹೌದು. ಆದರೆ ಅದರ ಮುಂದಿನ ಚಕ್ರಗಳು ಆಫೀಸ್ ಕುರ್ಚಿಯ ಉರುಳುಗಾಲಿಗಳ ಹಾಗೆ ಎಲ್ಲಿಗೆ ಬೇಕಾದರೂ ತಿರುಗುವಂಥವು. ದಿಕ್ಕು, ಬ್ರೇಕು ಎರಡೂ ಹಿಂದಿನ ಚಕ್ರಗಳಿಂದಲೇ. ಒದ್ದೆ ಇಳಿಜಾರಿನಲ್ಲಿ ಹಿಂದಿನ ಚಕ್ರ ಜಾರಿತೆಂದರೆ ತಿರುಗಿಸಲೂ ಆಗದು, ನಿಲ್ಲಿಸಲೂ ಆಗದು. ಸಪಾಟಾದ ಶಾಲಾ ಮೈದಾನಕ್ಕೆ, ಸಮುದ್ರ ಬದಿಯ ಮಟ್ಟಸ ತೆಂಗಿನ ತೋಟಕ್ಕೆ ಮಾತ್ರ ತೆಗೆದುಕೊಳ್ಳಿ.

ಬ್ಲೇಡಿನ ಭಾಗ ಮುಂದೆ ಚಾಚಿರುವ ಇನ್ನೊಂದು ಜಾತಿ ಇದೆ. ಮರದ ಬುಡ, ಪೊದೆಯ ಅಡಿಗೆ ಸಲೀಸಾಗಿ ನುಗ್ಗುತ್ತದೆ, ಏನು ಹೆರೆಯುತ್ತಿದ್ದೇವೆ ಎಂದು ಕಣ್ಣೆದುರೇ ಕಾಣುತ್ತದೆ. ತೆಂಗಿನ ತೋಟಕ್ಕೆ ಬಹಳ ಒಳ್ಳೆಯದು, ಬೆಲೆ ಹೆಚ್ಚು.

ಬ್ಯಾಟರಿಯದ್ದಕ್ಕೆ ಶಬ್ದ ಕಡಿಮೆ, ನಿರ್ವಹಣೆಯೂ ಕಡಿಮೆ. ಮಳೆಗಾಲದಲ್ಲಿ ನಿಮ್ಮ ಊರಿನ ಕರೆಂಟಿನ ಕತೆ ನಿಮಗೇ ಗೊತ್ತು.

## ಹಂತ 6: ಡೆಕ್ ನೋಡುವುದು ಎಂಜಿನ್‌ಗಿಂತ ಮೊದಲು

ಡೆಕ್ ಎಂದರೆ ಬ್ಲೇಡುಗಳ ಮೇಲೆ ಮಗುಚಿ ಹಾಕಿದ ಬಾಣಲೆಯಂಥ ತಗಡಿನ ಭಾಗ. ಕರಾವಳಿಯಲ್ಲಿ ಮೊದಲು ಸಾಯುವುದು ಇದೇ. ಒದ್ದೆ ಹುಲ್ಲಿನ ರಸ, ಉಪ್ಪು ಗಾಳಿ, ಕೆಂಪು ಮಣ್ಣು, ಮೂರೂ ಸೇರಿ ತಗಡನ್ನು ತಿನ್ನುತ್ತವೆ.

ಅಗಲ ದೊಡ್ಡದಾದಷ್ಟು ಕೆಲಸ ಬೇಗ ಎಂಬುದು ಅಂಗಡಿಯ ಲೆಕ್ಕ. ತೋಟದಲ್ಲಿ ಹಾಗಲ್ಲ. ಮೇಲಿನ 3.9 ಮೀಟರ್ ಪಟ್ಟಿಗೆ ಹಿಂತಿರುಗಿ. 38 ಇಂಚಿನದ್ದು ಅದನ್ನು ಐದು ಸಾಲಿನಲ್ಲಿ ಮುಗಿಸುತ್ತದೆ. 42 ಇಂಚಿನದ್ದು ನಾಲ್ಕರಲ್ಲಿ. 48 ಇಂಚಿನದ್ದಕ್ಕೂ ನಾಲ್ಕೇ ಬೇಕು. ಹೆಚ್ಚು ದುಡ್ಡು ಕೊಟ್ಟು ಉಳಿಸಿದ್ದು ಏನೂ ಇಲ್ಲ. ಅಷ್ಟೇ ಅಲ್ಲ, ಉಬ್ಬುತಗ್ಗಿನ ನೆಲದಲ್ಲಿ ಅಗಲದ ಡೆಕ್ ದಿಣ್ಣೆಯ ತಲೆ ಬೋಳಿಸಿ, ತಗ್ಗಿನ ಹುಲ್ಲನ್ನು ಹಾಗೇ ಬಿಡುತ್ತದೆ. 38ರಿಂದ 42 ಇಂಚು ಸಾಕು. ಮಟ್ಟಸ ಮೈದಾನವಾದರೆ ಮಾತ್ರ 46ರ ಮೇಲೆ ಹೋಗಿ. ಗೇಟಿನ ಅಗಲ ಅಳೆಯಲು ಮರೆಯಬೇಡಿ. ತಂದ ಮೇಲೆ ಗೇಟಿನ ಕಂಬ ಒಡೆಸುವುದು ಹೊಸ ವಿಷಯವೇನಲ್ಲ.

ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಡೆಕ್ ಸುಮಾರು 2ರಿಂದ 2.5 ಮಿಲಿಮೀಟರ್ ದಪ್ಪ. ಪಟ್ಟಿಗಳನ್ನು ವೆಲ್ಡ್ ಮಾಡಿ ಕಟ್ಟಿದ್ದು 3 ಮಿಲಿಮೀಟರ್ ಮತ್ತು ಮೇಲೆ. ಎರಡನೆಯದು ತೂಕ, ದುಡ್ಡು ಎರಡೂ ಹೆಚ್ಚು, ಬಾಳಿಕೆಯೂ ಹೆಚ್ಚು. ವೆಲ್ಡ್ ಮಾಡಿದ್ದರಲ್ಲಿ ಮೂಲೆಗಳಿಗೆ ಹುಲ್ಲು ಕಚ್ಚಿಕೊಳ್ಳುವುದರಿಂದ ಕೆರೆದು ತೆಗೆಯುವ ಕೆಲಸ ಸ್ವಲ್ಪ ಜಾಸ್ತಿ.

ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಬೇಕಾದ್ದು ಸ್ಪಿಂಡಲ್ ಕೂರಿಸಿದ ಮನೆ. ಅಲ್ಯೂಮಿನಿಯಂ ಆದರೆ ಕಲ್ಲಿನ ಪೆಟ್ಟಿಗೆ ಬಿರುಕು ಬಿಡುತ್ತದೆ, ಎರಕದ ಕಬ್ಬಿಣ ತಡೆಯುತ್ತದೆ. ಹೊರಗಿನಿಂದ ಗ್ರೀಸ್ ತುಂಬುವ ನಿಪ್ಪಲ್ ಇದೆಯೇ ನೋಡಿ. ಇಲ್ಲದಿದ್ದರೆ ಬೇರಿಂಗ್ ಸವೆದಾಗ ಬದಲಿಸುವುದೊಂದೇ ದಾರಿ. ಡೆಕ್‌ನ ಅಂಚಿನಲ್ಲಿ ನೆಲಕ್ಕೆ ತಾಗದಂತೆ ತಡೆಯುವ ಪುಟ್ಟ ಚಕ್ರಗಳು ನಾಲ್ಕು ಇದ್ದರೆ ಒಳ್ಳೆಯದು, ಎರಡಾದರೂ ಇರಲೇಬೇಕು.

ಹುಲ್ಲು ಎಲ್ಲಿಗೆ ಹೋಗುತ್ತದೆ? ಬದಿಗೆ ಎಸೆಯುವುದನ್ನೇ ಆರಿಸಿ. ಹಿಂದಿನ ಚೀಲಕ್ಕೆ ತುಂಬುವ ಪೈಪು ಜುಲೈಯ ಹುಲ್ಲಿಗೆ ಹತ್ತು ನಿಮಿಷಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ. ಬದಿಗೆ ಬಿದ್ದ ಹುಲ್ಲನ್ನು ಗೋರಿ ತೆಂಗಿನ ಬುಡಕ್ಕೆ ಹಾಕಿದರೆ ಸೊಪ್ಪಿನ ಖರ್ಚು ಉಳಿಯಿತು.

## ಹಂತ 7: ಎಂಜಿನ್ ಮತ್ತು ಪೆಟ್ರೋಲ್

38–42 ಇಂಚಿಗೆ 16ರಿಂದ 20 ಎಚ್‌ಪಿ ಸಾಕಾಗುತ್ತದೆ. ಒಂದೇ ಸಿಲಿಂಡರಿನದ್ದು ಸರಳ, ದುರಸ್ತಿಗೆ ಅಗ್ಗ. ಎರಡು ಸಿಲಿಂಡರಿನದ್ದು ದಪ್ಪ ಹುಲ್ಲಿಗೆ ಉಸಿರುಗಟ್ಟುವುದಿಲ್ಲ, ನಡುಕ ಕಡಿಮೆ. ಕೇಳಬೇಕಾದ ಮುಖ್ಯ ಪ್ರಶ್ನೆ ಇನ್ನೊಂದಿದೆ: ಆಯಿಲ್ ಪಂಪಿನ ಒತ್ತಡದಿಂದ ಎಲ್ಲ ಕಡೆ ಹೋಗುತ್ತದೆಯೇ, ಅಥವಾ ಒಳಗೆ ತಿರುಗುವ ಭಾಗ ಎರಚುವುದರಿಂದ ಮಾತ್ರವೇ? ಎರಚುವ ರೀತಿಯದ್ದು ಇಳಿಜಾರಿನಲ್ಲಿ ಒಂದು ಬದಿಗೆ ವಾಲಿದಾಗ ಒಣಗುತ್ತದೆ. ಪಂಪು ಮತ್ತು ಆಯಿಲ್ ಫಿಲ್ಟರ್ ಎರಡೂ ಇರುವುದನ್ನೇ ಕೊಳ್ಳಿ. ಸಿಲಿಂಡರಿನ ಒಳಮೈಗೆ ಎರಕದ ಕಬ್ಬಿಣದ ಕೊಳವೆ ಇರಬೇಕು.

ಇನ್ನು ಪೆಟ್ರೋಲ್. ಈಗ ಪಂಪುಗಳಲ್ಲಿ ಸಿಗುವುದು 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲ್. ಇಂಥ ಸಣ್ಣ ಎಂಜಿನ್‌ಗಳ ಬಹುಪಾಲು ತಯಾರಕರು ಒಪ್ಪುವುದು 10 ಶೇಕಡದ ತನಕ ಮಾತ್ರ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ. ನೀರು ಹೆಚ್ಚಾದಾಗ ಅದು ಎಥನಾಲ್ ಜೊತೆ ತಳಕ್ಕೆ ಇಳಿದು, ಕಾರ್ಬುರೇಟರ್ ಮೊದಲು ಕುಡಿಯುವುದು ಅದನ್ನೇ. ರಬ್ಬರ್ ಪೈಪು ಮೆತ್ತಗಾಗಿ ಬಿರಿಯುತ್ತದೆ, ಕಾರ್ಬುರೇಟರಿನ ಸಣ್ಣ ತೂತು (ಜೆಟ್) ಕಟ್ಟುತ್ತದೆ. ಆದ್ದರಿಂದ 20 ಶೇಕಡ ಎಥನಾಲಿಗೆ ಈ ಎಂಜಿನ್ ಆಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿ. ಬಾಯಿಮಾತಿನ ‘ಏನೂ ಆಗುವುದಿಲ್ಲ’ ಎಂಬುದು ವಾರಂಟಿಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

## ಹಂತ 8: ಗೇರ್

ಗೇರ್ ಹಾಕಿ ಓಡಿಸುವುದು ಅಗ್ಗ, ಗಟ್ಟಿ. ಆದರೆ ಪ್ರತಿ ತೆಂಗಿನ ಮರಕ್ಕೂ ನಿಲ್ಲಿಸಿ, ಹಿಂದೆ ತೆಗೆದು, ಮತ್ತೆ ಗೇರ್ ಹಾಕಬೇಕು. ಒಂದು ಗಂಟೆಯಲ್ಲಿ ನೂರು ಸಲ. ಹೈಡ್ರೋಸ್ಟ್ಯಾಟಿಕ್, ಅಂದರೆ ಆಯಿಲ್‌ನ ಒತ್ತಡದಿಂದ ಚಕ್ರ ತಿರುಗಿಸುವಂಥದ್ದು ಆದರೆ, ಪೆಡಲ್ ಒತ್ತಿದಷ್ಟು ಮುಂದೆ, ಬಿಟ್ಟರೆ ನಿಲ್ಲುತ್ತದೆ. ತೋಟಕ್ಕೆ ಅದೇ ಬೇಕು.

ಅದರಲ್ಲೂ ಎರಡು ಬಗೆ. ಕಡಿಮೆ ಬೆಲೆಯವುಗಳಲ್ಲಿ ಪೂರ್ತಿ ಮುಚ್ಚಿದ್ದು, ಆಯಿಲ್ ಬದಲಿಸಲು ದಾರಿಯೇ ಇಲ್ಲ. ಇಳಿಜಾರು ಹತ್ತಿಹತ್ತಿ ಬಿಸಿಯಾದರೆ ಆಯಿಲ್ ತೆಳುವಾಗಿ ಎಳೆತ ಕಳೆದುಕೊಳ್ಳುತ್ತದೆ, ಆಮೇಲೆ ಇಡೀ ಭಾಗವನ್ನೇ ಬದಲಿಸಬೇಕು. ಗುಡ್ಡೆ ಇರುವ ಜಾಗಕ್ಕೆ ಆಯಿಲ್, ಫಿಲ್ಟರ್ ಬದಲಿಸಬಹುದಾದ್ದನ್ನೇ ಕೇಳಿ. ಅದರ ಮೇಲಿನ ಸಣ್ಣ ಫ್ಯಾನ್ ಪ್ಲಾಸ್ಟಿಕ್ಕಿನದ್ದು, ರೆಕ್ಕೆ ಮುರಿದಿದ್ದರೂ ಮೆಶಿನ್ ಓಡುತ್ತದೆ, ಆದರೆ ಬಿಸಿ ಏರುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಬಗ್ಗಿ ನೋಡಿ.

## ಹಂತ 9: ಸರ್ವೀಸ್ ಮತ್ತು ಬಿಡಿಭಾಗ

ಹೆಸರು ನೋಡಿ ಕೊಳ್ಳುವುದಕ್ಕಿಂತ ದೂರ ನೋಡಿ ಕೊಳ್ಳುವುದು ಜಾಣತನ. ಕಾಸರಗೋಡಿನಿಂದ ಮಂಗಳೂರು 50 ಕಿಲೋಮೀಟರ್ ಆಸುಪಾಸು. ಆದರೆ ನಡುವೆ ತಲಪಾಡಿಯ ಗಡಿ ಇದೆ. ಮಂಗಳೂರಿನಲ್ಲಿ ಕೊಂಡರೆ ಮೆಕ್ಯಾನಿಕ್ ಕೇರಳಕ್ಕೆ ಬರುತ್ತಾರೆಯೇ, ಅಥವಾ ‘ಅದು ಕಣ್ಣೂರಿನವರ ವ್ಯಾಪ್ತಿ’ ಎನ್ನುತ್ತಾರೆಯೇ? ಕಣ್ಣೂರಿನಲ್ಲಿ ಕೊಂಡರೆ ಮಂಜೇಶ್ವರದ ತನಕ ಬರುತ್ತಾರೆಯೇ? ದುಡ್ಡು ಕೊಡುವ ಮೊದಲು ಎರಡೂ ಕಡೆ ಫೋನ್ ಮಾಡಿ ಕೇಳಿ.

ಅಂಗಡಿಯಲ್ಲಿ ಹೀಗೆ ಕೇಳಿ: ‘ಈ ಮಾಡೆಲಿನ ಡೆಕ್ ಬೆಲ್ಟ್, ಒಂದು ಜೊತೆ ಬ್ಲೇಡ್, ಒಂದು ಸ್ಪಿಂಡಲ್, ಏರ್ ಫಿಲ್ಟರ್, ಇವತ್ತು ಇಲ್ಲಿ ಇದೆಯೇ? ತೋರಿಸಿ.’ ‘ತರಿಸಿ ಕೊಡುತ್ತೇವೆ’ ಎಂಬ ಉತ್ತರ ಬಂದರೆ ಜುಲೈಯಲ್ಲಿ ಮೆಶಿನ್ ಮೂರು ವಾರ ನಿಲ್ಲುತ್ತದೆ ಎಂದೇ ಅರ್ಥ. ಅಷ್ಟರಲ್ಲಿ ಹುಲ್ಲು ಸೊಂಟಕ್ಕೆ ಬಂದಿರುತ್ತದೆ. ಮೊದಲ ದಿನವೇ ಎರಡು ಬೆಲ್ಟ್ ಮತ್ತು ಒಂದು ಜೊತೆ ಬ್ಲೇಡ್ ಹೆಚ್ಚಿಗೆ ಕೊಳ್ಳಿ. ನಂಬರು ಹೊಂದದ ಬೆಲ್ಟನ್ನು ‘ಅಳತೆ ಒಂದೇ’ ಎಂದು ಕೊಟ್ಟರೆ ಬೇಡ. ಅರ್ಧ ಇಂಚು ವ್ಯತ್ಯಾಸಕ್ಕೇ ಬ್ಲೇಡ್ ಸರಿಯಾಗಿ ಬಿಡದೆ, ಹಿಡಿಯದೆ ಬೆಲ್ಟ್ ಸುಡುತ್ತದೆ.

ಬಿಲ್ಲು ಮಲಯಾಳದಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಎಂಜಿನ್ ನಂಬರ್ ಮತ್ತು ಮೆಶಿನ್ ನಂಬರ್ ಬೇರೆಬೇರೆಯಾಗಿ ಬರೆದಿರಬೇಕು. ಎಂಜಿನ್‌ನ ವಾರಂಟಿ ಒಬ್ಬರದ್ದು, ಉಳಿದ ಭಾಗದ್ದು ಇನ್ನೊಬ್ಬರದ್ದು ಆಗಿರುವುದು ಮಾಮೂಲು.

## ಹಂತ 10: ನಿಮ್ಮ ಜಾಗದಲ್ಲೇ ಓಡಿಸಿ ನೋಡಿ

ಅಂಗಡಿಯ ಎದುರಿನ ಇಂಟರ್‌ಲಾಕ್ ಅಂಗಳದಲ್ಲಿ ಎಲ್ಲ ಮೆಶಿನ್‌ಗಳೂ ಚೆನ್ನಾಗಿಯೇ ಓಡುತ್ತವೆ. ಪಿಕಪ್‌ನಲ್ಲಿ ತರಿಸಿ, ಬಾಡಿಗೆ ನೀವೇ ಕೊಟ್ಟರೂ ನಷ್ಟವಿಲ್ಲ. ಕನಿಷ್ಠ 45 ನಿಮಿಷ ಓಡಿಸಬೇಕು, ಈ ಕ್ರಮದಲ್ಲಿ:

1. ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಮೊದಲೇ ಬಿಸಿ ಮಾಡಿ ತಂದಿದ್ದರೆ ಆರುವ ತನಕ ಕಾಯಿರಿ.
2. ಬ್ಲೇಡ್ ಓಡುತ್ತಿರುವಾಗ ಸೀಟಿನಿಂದ ಸ್ವಲ್ಪ ಮೇಲೆದ್ದು ನೋಡಿ, ಕೆಳಗೆ ಇಳಿಯಬೇಡಿ. ಎಂಜಿನ್ ಕೂಡಲೇ ನಿಲ್ಲಬೇಕು. ನಿಲ್ಲದಿದ್ದರೆ ಆ ಮೆಶಿನ್ ಬೇಡ.
3. ಬ್ಲೇಡಿನ ಸ್ವಿಚ್ ಆಫ್ ಮಾಡಿ ಎಣಿಸಿ. 5 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು.
4. ಅತಿ ದಪ್ಪ ಹುಲ್ಲಿರುವ ಕಡೆ ಪೂರ್ತಿ ಥ್ರಾಟಲ್‌ನಲ್ಲಿ (ಎಂಜಿನ್‌ನ ವೇಗ ಏರಿಸಿ ಇಳಿಸುವ ಹಿಡಿಕೆ) ನಿಧಾನ ಓಡಿಸಿ. ಎಂಜಿನ್‌ನ ಸ್ವರ ಸ್ವಲ್ಪ ಇಳಿದು ಮತ್ತೆ ಏರಿದರೆ ಸರಿ. ಇಳಿಯುತ್ತಲೇ ಹೋದರೆ ಶಕ್ತಿ ಸಾಲದು.
5. ಅರ್ಧ ಗಂಟೆ ಓಡಿದ ಮೇಲೆ, ಬ್ಲೇಡ್ ನಿಲ್ಲಿಸಿ, ನಿಮ್ಮ 10 ಡಿಗ್ರಿಯ ಜಾಗವನ್ನು ನೇರ ಹತ್ತಿಸಿ. ಗೇರ್ ಭಾಗ ಬಿಸಿಯಾದಾಗ ಮಾತ್ರ ಅದರ ನಿಜ ಬಣ್ಣ ಕಾಣುವುದು.
6. ಎಂಜಿನ್ ನಿಲ್ಲಿಸಿ ಎರಡು ನಿಮಿಷ ಬಿಟ್ಟು ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ.

ಇಳಿಜಾರಿನಲ್ಲಿ ಯಾವಾಗಲೂ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಅಡ್ಡ ಓಡಿಸುವುದು ಬೇಡ. ಹಿಂದಿನಿಂದ ನಡೆಯುವ ಮೆಶಿನ್‌ಗೆ ಹೇಳುವುದು ಇದರ ತಿರುಗುಮುರುಗು, ಅದನ್ನು ಇಲ್ಲಿಗೆ ತರಬೇಡಿ. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಎಂಬ ಆಸೆಗೆ ಇಲ್ಲಿ ಜಾಗವಿಲ್ಲ.

## ಸೆಕೆಂಡ್ ಹ್ಯಾಂಡ್ ಆದರೆ ಕಾಣುವ ಅಪಾಯದ ಗುರುತುಗಳು

ಡೆಕ್‌ನ ಅಡಿಗೆ ಸ್ಕ್ರೂ ಡ್ರೈವರ್‌ನಿಂದ ಕುಟ್ಟಿ. ‘ಟಣ್’ ಎಂದರೆ ಸರಿ, ಪದರ ಉದುರಿದರೆ ತುಕ್ಕು ಒಳಗೆ ಹೋಗಿದೆ. ಹೊಸ ಬಣ್ಣ ಮೇಲೆ ಮಾತ್ರ ಹಚ್ಚಿದ್ದರೆ ಅಡಿಯನ್ನು ಇನ್ನೂ ಗಮನವಿಟ್ಟು ನೋಡಿ. ಸ್ಪಾರ್ಕ್ ಪ್ಲಗ್ಗಿನ ವಯರ್ ತೆಗೆದಿಟ್ಟು, ದಪ್ಪ ಕೈಗವಸು ಹಾಕಿ ಬ್ಲೇಡಿನ ತುದಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಆಡಿದರೆ ಬೇರಿಂಗ್ ಹೋಗಿದೆ. ಸೀಟಿನಡಿಯ ಸ್ವಿಚ್ಚಿನ ವಯರ್‌ಗಳನ್ನು ಕತ್ತರಿಸಿ ಜೋಡಿಸಿದ್ದರೆ ಯಾರೋ ಸುರಕ್ಷತೆಯನ್ನು ತಪ್ಪಿಸಿದ್ದಾರೆ.

ಸ್ಟಾರ್ಟ್ ಮಾಡಿದ ಮೇಲೂ ಬಿಡದೆ ಬರುವ ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್ ಅಥವಾ ಕಾರ್ಬುರೇಟರ್, ಅದು ಸರಿಪಡಿಸಬಹುದಾದ ವಿಷಯ. ಸ್ಟಿಯರಿಂಗನ್ನು ಕಾಲು ಸುತ್ತು ತಿರುಗಿಸಿದರೂ ಚಕ್ರ ಅಲುಗದಿದ್ದರೆ ಅಡಿಯ ಹಲ್ಲುಚಕ್ರ ಸವೆದಿದೆ.

## ಹಂತ 11: ಮನೆಗೆ ಬಂದ ಮೇಲೆ

ಟಯರಿನ ಗಾಳಿ ಮೊದಲು. ಸಾಗಾಟಕ್ಕೆಂದು ಹೆಚ್ಚು ತುಂಬಿಸಿರುತ್ತಾರೆ. ಸಾಮಾನ್ಯವಾಗಿ ಮುಂದೆ 14, ಹಿಂದೆ 10 ಪಿಎಸ್‌ಐ. ನಿಮ್ಮ ಮೆಶಿನ್‌ನ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಅಂತಿಮ. ನಾಲ್ಕೂ ಸರಿಯಾದ ಮೇಲೆ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ ಡೆಕ್ ಮಟ್ಟ ನೋಡಿ. ಎಡ–ಬಲ ಬ್ಲೇಡ್ ತುದಿಗಳ ಎತ್ತರದಲ್ಲಿ 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬೇಡ. ಮುಂದಿನ ತುದಿ ಹಿಂದಿನದ್ದಕ್ಕಿಂತ 3ರಿಂದ 10 ಮಿಲಿಮೀಟರ್ ತಗ್ಗಿರಬೇಕು. ಗಾಳಿ ಸರಿಮಾಡದೆ ಡೆಕ್ ಸರಿಮಾಡಿದರೆ ಎಲ್ಲ ಮತ್ತೆ ಮೊದಲಿನಿಂದ.

ಮೊದಲ ಆಯಿಲ್ ಬದಲಾವಣೆ 5ರಿಂದ 8 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಇಪ್ಪತ್ತೇ ಗಂಟೆ ಓಡಿದೆ ಎಂದು ಎರಡು ವರ್ಷ ಬಿಡಬೇಡಿ, ತೇವ ಆಯಿಲ್‌ನೊಳಗೂ ಸೇರುತ್ತದೆ. ಬ್ಲೇಡ್ ಮೊನೆ 20–25 ಗಂಟೆಗೆ. ಕೆಂಪು ಕಲ್ಲಿನ ಹರಳು ಇರುವಲ್ಲಿ ಅದಕ್ಕೂ ಬೇಗ. ಹೆರೆದ ಹುಲ್ಲಿನ ತುದಿ ನಾರುನಾರಾಗಿ, ಮರುದಿನ ಬಿಳಿಚಿಕೊಂಡು ಕಂಡರೆ ಮೊನೆ ಹೋಗಿದೆ. ಮೊನೆ ಮಾಡಿದ ಬ್ಲೇಡನ್ನು ಗೋಡೆಗೆ ಹೊಡೆದ ಮೊಳೆಯ ಮೇಲೆ ನಡುವಿನ ತೂತಿನಿಂದ ತೂಗಿಸಿ. ಒಂದು ಬದಿ ಇಳಿದರೆ ಆ ಬದಿಯನ್ನು ಇನ್ನಷ್ಟು ತಿಕ್ಕಿ. ತೂಕ ತಪ್ಪಿದ ಬ್ಲೇಡಿನ ನಡುಕ ಸ್ಪಿಂಡಲನ್ನು ತಿನ್ನುತ್ತದೆ.

ಎಲ್ಲರೂ ಮಾಡುವ ಇನ್ನೊಂದು ತಪ್ಪು: ಪೆಟ್ರೋಲ್ ಉಳಿಸಲೆಂದು ಅರ್ಧ ಥ್ರಾಟಲ್‌ನಲ್ಲಿ ಹೆರೆಯುವುದು. ಈ ಎಂಜಿನ್‌ಗಳು ತಣ್ಣಗಾಗುವುದು ತಮ್ಮದೇ ಫ್ಯಾನಿನ ಗಾಳಿಯಿಂದ. ಸುತ್ತು ಕಡಿಮೆಯಾದರೆ ಗಾಳಿಯೂ ಕಡಿಮೆ. ಬ್ಲೇಡ್ ಹುಲ್ಲನ್ನು ಎಬ್ಬಿಸುವ ಗಾಳಿಯೂ ಕಡಿಮೆಯಾಗಿ ಹುಲ್ಲು ಮಲಗಿಕೊಳ್ಳುತ್ತದೆ. ಥ್ರಾಟಲ್ ಪೂರ್ತಿ ಇರಲಿ, ನಿಧಾನ ಮಾಡಬೇಕಾದ್ದು ಚಕ್ರದ ವೇಗವನ್ನು.

ಪ್ರತಿ ಸಲ ಕೆಲಸ ಮುಗಿದ ಮೇಲೆ ಕೀಲಿ ತೆಗೆದು, ಪ್ಲಗ್ಗಿನ ವಯರ್ ಬಿಡಿಸಿ, ಡೆಕ್ ಅಡಿಯ ಹುಲ್ಲನ್ನು ಮರದ ಚಕ್ಕೆಯಿಂದ ಕೆರೆಯಿರಿ. ನೀರು ಹಾಕಿ ತೊಳೆದರೆ ಆಮೇಲೆ ಎರಡು ನಿಮಿಷ ಬ್ಲೇಡ್ ಓಡಿಸಿ ಒಣಗಿಸದೆ ಒಳಗೆ ಇಡಬೇಡಿ. ಮೇಲ್ಭಾಗದಲ್ಲಿ, ಸೈಲೆನ್ಸರ್ ಪಕ್ಕ ಕೂತ ಒಣ ಹುಲ್ಲು ಡಿಸೆಂಬರ್ ಕಳೆದ ಮೇಲೆ ಬೆಂಕಿ ಹಿಡಿಯುವ ವಸ್ತು.

ಮೆಶಿನ್ ಜೊತೆ ಬರುವ ಪುಸ್ತಕದಲ್ಲಿ ‘ಚಳಿಗಾಲಕ್ಕೆ ಎತ್ತಿಡುವುದು’ ಎಂಬ ಅಧ್ಯಾಯ ಇರುತ್ತದೆ. ಹಿಮ ಬೀಳುವ ದೇಶಕ್ಕೆ ಬರೆದದ್ದು ಎಂದು ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ನಮ್ಮಲ್ಲಿ ಆ ಚಳಿಗಾಲ ಬರುವುದು ಜನವರಿಯಿಂದ ಮೇ ತನಕ, ಹುಲ್ಲು ಒಣಗಿ ಮೆಶಿನ್ ಸುಮ್ಮನೆ ನಿಲ್ಲುವಾಗ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆದು, ಕಾರ್ಬುರೇಟರ್ ಒಣಗಿ ತಾನಾಗಿ ನಿಲ್ಲುವ ತನಕ ಎಂಜಿನ್ ಓಡಿಸಿ. ಬ್ಯಾಟರಿ ಕಳಚಿ, ತಿಂಗಳಿಗೊಮ್ಮೆ ಅಳೆಯಿರಿ. 12.4 ವೋಲ್ಟ್‌ಗಿಂತ ಇಳಿದರೆ ಚಾರ್ಜ್ ಮಾಡಿ. ಡೆಕ್ ಅಡಿಗೆ ತೆಳುವಾಗಿ ಎಣ್ಣೆ ಸವರಿ. ಎಂಜಿನ್‌ನ ಮೇಲಿನ ಮುಚ್ಚಳದ ಜಾಲರಿಗೆ ಬಟ್ಟೆ ಕಟ್ಟಿ, ಇಲಿ ಗೂಡು ಮಾಡುವುದು ಅಲ್ಲೇ. ಮೇ ತಿಂಗಳ ಕೊನೆಗೆ ಆ ಬಟ್ಟೆ ಬಿಚ್ಚಲು ಮರೆತು ಸ್ಟಾರ್ಟ್ ಮಾಡಿ ಎಂಜಿನ್ ಸುಟ್ಟವರೂ ಇದ್ದಾರೆ. ಆದ್ದರಿಂದ ಕೀಲಿಯನ್ನು ಅದೇ ಬಟ್ಟೆಯ ಗಂಟಿಗೆ ಕಟ್ಟಿ ಇಡಿ.